ಅವ್ವ ಊರು ಹುಡುಕಿದ ಅಮಾವಾಸ್ಯೆ

ನಮ್ಮ ಕಡೆ ಊರೆಂದರೆ ಕಣ್ಣಿಗೆ ಕಾಣುವ ವಸ್ತು. ಸೇಡಂನಿಂದ ಬಸ್ಸು ಹಿಡಿದರೆ ತೊಗರಿ ಹೊಲ, ಮತ್ತೆ ತೊಗರಿ ಹೊಲ, ಆಮೇಲೆ ಬೇವಿನ ಮರಗಳ ನಡುವೆ ಗೋಡೆಗೆ ಗೋಡೆ ಅಂಟಿಸಿಕೊಂಡು ನಿಂತ ಮಾಳಿಗೆ ಮನೆಗಳು. ಅದೇ ಆಡಕಿ. ಊರ ಹೆಬ್ಬಾಗಿಲು, ಅಗಸಿ, ದಾಟಿದರೆ ಊರೊಳಗೆ, ಇಲ್ಲದಿದ್ದರೆ ಊರ ಹೊರಗೆ. ಸರಕಾರ ಏನು ಬೇಕಾದರೂ ಮಾಡಿಕೊಳ್ಳಲಿ, ಇದು ಬದಲಾಗುವುದಿಲ್ಲ. ಕಾಳಗಿ ಚಿತ್ತಾಪುರದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾದಾಗ ಕಚೇರಿಗಳ ಬೋರ್ಡು ಬದಲಾದವು, ಅಲ್ಲಿನ ಯಾವ ಊರೂ ಒಂದು ಗೇಣು ಕದಲಲಿಲ್ಲ.

ಇಷ್ಟು ತಿಳುವಳಿಕೆ ಇಟ್ಟುಕೊಂಡು ನಾನು ಗ್ರಾಮ ಆಡಳಿತ ಅಧಿಕಾರಿಯಾಗಿ ಉತ್ತರ ಕನ್ನಡದ ಕರಾವಳಿಗೆ ಹೋದೆ. ಕಂಡಕ್ಟರ್ ನಿಮ್ಮ ಊರು ಬಂತು, ಇಳಿಯಿರಿ ಎಂದ. ನಾನು ಇಳಿಯಲಿಲ್ಲ. ಒಂಟಿ ಹೆಣ್ಣುಮಗಳನ್ನು ತೆಂಗಿನ ತೋಟದ ನಡುವೆ ಇಳಿಸಿ ಹೋಗುತ್ತೀರಾ ಎಂದು ಜಗಳ ತೆಗೆದೆ. ಬಸ್ಸಿನವರೆಲ್ಲ ನಕ್ಕರು. ಅದೇ ಊರಂತೆ. ಅಲ್ಲಿ ಪ್ರತಿ ಮನೆಯೂ ತನ್ನದೇ ತೋಟದ ನಡುವೆ, ತನ್ನದೇ ಬೇಲಿಯೊಳಗೆ ಇರುತ್ತದೆ. ಪಕ್ಕದ ಮನೆ ಇದೆ ಎಂಬುದು ಅವರ ನಾಯಿ ಬೊಗಳಿದಾಗ ಮಾತ್ರ ಗೊತ್ತಾಗುತ್ತದೆ. ಕಚೇರಿಯ ನಕ್ಷೆಯಲ್ಲಿ ನನ್ನ ಗ್ರಾಮದ ಗಡಿಯೊಳಗೆ ಬೇರೆ ಬೇರೆ ಹೆಸರಿನ ಮಜರೆಗಳೆಂಬ ಉಪಗ್ರಾಮಗಳಿದ್ದವು. ಗುಡ್ಡ, ಗದ್ದೆ, ಹಳ್ಳ, ಹೊಳೆ ಸಮುದ್ರ ಸೇರುವ ಅಳಿವೆ, ಎಲ್ಲ ನನ್ನ ಸರಹದ್ದೇ. ಊರೊಂದು ಮಾತ್ರ ಇರಲಿಲ್ಲ.

ಒಂದು ಮನೆ ಹಿಡಿದ ಮೇಲೆ ಆಡಕಿಗೆ ಹೋಗಿ ಅವ್ವನನ್ನು ಜೊತೆಗಿರಲು ಕರೆತಂದೆ. ಅಪ್ಪ ತೀರಿಕೊಂಡಿದ್ದ, ಆಡಕಿಯ ಹೊಲ ಮನೆ ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಿದ್ದರು. ವಾಡಿಯಲ್ಲಿ ರೈಲು ಹತ್ತುವಾಗ ಅವ್ವನಿಗೆ ನನಗಿಂತ ಹೆಚ್ಚು ಹುಮ್ಮಸ್ಸಿತ್ತು. ನಾನು ಹಿಡಿದ ಮನೆ ನೋಡಿದ್ದೇ ತಡ, ಊರೊಳಗೆ ಮನೆ ಸಿಗಲಿಲ್ಲವೇನು ಎಂದು ಕೇಳಿದಳು. ಇದೇ ಊರು ಎಂದೆ. ನಂಬಲಿಲ್ಲ. ಬಾಡಿಗೆ ಉಳಿಸಲು ಊರಾಚೆ ಮನೆ ಹಿಡಿದಿದ್ದೇನೆಂದೇ ಅವಳ ಲೆಕ್ಕ. ಆಡಕಿಯಲ್ಲಿ ಮನೆ ಮುಂದಿನ ಶಹಾಬಾದ ಕಲ್ಲಿನ ಕಟ್ಟೆಯ ಮೇಲೆ ಕುಳಿತರೆ ಓಣಿಯ ಅರ್ಧ ಸಂಸಾರ ಅವಳ ಮುಂದೆ ಹಾದು ಹೋಗುತ್ತಿತ್ತು. ಇಲ್ಲಿ ಬಾಗಿಲಿಗೆ ಕುಳಿತರೆ ತೆಂಗಿನ ಗರಿ ಬೀಳುವುದನ್ನು ನೋಡಬೇಕು. ದಿನ ಕಳೆದಂತೆ ಅವ್ವನ ಮಾತು ಕಡಿಮೆಯಾಯಿತು. ಅವ್ವ ಸುಮ್ಮನಾದರೆ ನನಗೆ ಹೆದರಿಕೆ, ಬೈದರೆ ಸಮಾಧಾನ.

ಕೊನೆಗೊಂದು ಬೆಳಗ್ಗೆ ಹೇಳಿಯೇ ಬಿಟ್ಟಳು. "ಎಳ್ಳ ಅಮಾಸಿ ಮುಗೀಲಿ, ನಾ ಊರಿಗಿ ಹೋಗ್ತೀನಿ. ಮಂದಿ ಮಾರಿ ಕಾಣಲಾರದ ಜಾಗಾದಾಗ ನನಗ ಇರ್ಲಿಕ್ಕ ಆಗಂಗಿಲ್ಲ, ಮಗಳ."

ಅವ್ವ ಹೋದರೆ ಆ ಒಂಟಿ ಮನೆಯಲ್ಲಿ ನಾನು ವಾರ ಕಳೆಯಲಾರೆ ಎಂಬುದು ನನಗೆ ಗೊತ್ತಿತ್ತು. ವರ್ಗಾವಣೆ ಕೇಳಲು ಸೇವೆ ಸಾಲದು. ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಪಡೆದ ನೌಕರಿಯನ್ನು ಬಿಟ್ಟು ಅವಳ ಹಿಂದೆಯೇ ರೈಲು ಹತ್ತಬೇಕಾದೀತು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವುದು. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಪಲ್ಯ. ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುತ್ತಾರೆ, ಬರದವರ ಮನೆಗೆ ಡಬರಿಯೆಂಬ ಪಾತ್ರೆಯಲ್ಲಿ ಕಳಿಸುತ್ತಾರೆ. ಆ ಡಬರಿಯನ್ನು ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಅದರಲ್ಲಿ ಏನಾದರೂ ಹಾಕಿಯೇ ಕೊಡಬೇಕು. ಅದಕ್ಕೆ ಮತ್ತೆ ಇವರು ಏನಾದರೂ ಕಳಿಸಬೇಕು. ಆಡಕಿಯಲ್ಲಿ ನಮ್ಮದೊಂದು ಡಬರಿ ನಾನು ಹುಟ್ಟುವ ಮೊದಲಿನಿಂದ ಎದುರು ಮನೆಗೂ ನಮ್ಮ ಮನೆಗೂ ಓಡಾಡಿಕೊಂಡೇ ಇದೆ.

ಕರಾವಳಿಯಲ್ಲಿ ಆ ಹಬ್ಬಕ್ಕೆ ರಜೆ ಇಲ್ಲ. ಅವ್ವ ಊರಿಂದ ತಂದ ಕಾಳುಗಳನ್ನು ಒಲೆಗಿಟ್ಟದ್ದನ್ನು ನೋಡಿ ಕಚೇರಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದರೆ ಬಾಗಿಲಿಗೆ ಬೀಗ. ಫೋನು ಮಾಡಿದೆ. ಮನೆಯೊಳಗೇ ರಿಂಗಾಯಿತು.

ಬೇಲಿಯಾಚೆಯ ಅಜ್ಜಿಯನ್ನು ಕೇಳಿದೆ. ಬೆಳಗ್ಗೆಯೇ ತಲೆಯ ಮೇಲೆ ಪಾತ್ರೆ ಇಟ್ಟುಕೊಂಡು ಹೋದರು, ಊರು ಎಲ್ಲಿ ಎಂದು ಕೇಳಿದರು, ಇದೇ ಊರು ಎಂದೆ, ನಕ್ಕು ಮುಂದೆ ಹೋದರು ಎಂದರು. ಮುಂದಿನ ಮನೆಯಲ್ಲೂ ಅದೇ ಉತ್ತರ. ಅದರ ಮುಂದಿನ ಮನೆಯಲ್ಲೂ ಅದೇ. ಅವ್ವ ಕೇಳಿದ ಪ್ರಶ್ನೆಯ ಜಾಡು ಹಿಡಿದು ನಾನು ಗದ್ದೆಯ ಬದುವಿನ ಮೇಲೆ ಹೆಚ್ಚುಕಡಿಮೆ ಓಡುತ್ತಿದ್ದೆ. ಮೊದಲು ಸಿಟ್ಟಿತ್ತು. ಒಂದು ಮಜರೆ ಮುಗಿದು ಇನ್ನೊಂದಕ್ಕೆ ಬರುವಷ್ಟರಲ್ಲಿ ಸಿಟ್ಟು ಹೋಗಿ, ಬಾವಿ ಕಂಡಲ್ಲೆಲ್ಲ ಬಗ್ಗಿ ನೋಡತೊಡಗಿದ್ದೆ.

ದಾರಿ ಅಳಿವೆಯ ದಡಕ್ಕೆ ಬಂದು ನಿಂತಿತು. ಅಲ್ಲಿ ಜನರನ್ನು ದಾಟಿಸುವ ದೋಣಿ ಇತ್ತು. ಬೇರೆ ಯಾರ ತಾಯಿಯಾಗಿದ್ದರೂ ನೀರು ಕಂಡು ಹಿಂದಿರುಗುತ್ತಿದ್ದಳು. ನನ್ನ ಅವ್ವನ ತವರು ಕಾಗಿಣಾ ಹೊಳೆಯ ದಂಡೆ, ಅಜ್ಜ ಹರಿಗೋಲು ಹಾಕಿ, ಬಲೆ ಬೀಸಿ ಮಕ್ಕಳನ್ನು ಸಾಕಿದವನು. ನೀರಿಗೆ ಅವಳು ಹೆದರುವ ಪೈಕಿಯಲ್ಲ. ಆಚೆ ದಡ ಬೇರೆ ತಾಲ್ಲೂಕು. ಅಲ್ಲಿನ ಠಾಣೆ ಯಾವುದು, ಯಾರನ್ನು ಕೇಳಬೇಕು, ಒಂದೂ ಹೊಳೆಯಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ ಗಡಿ ಅಂದು ನನ್ನ ಎದೆಯ ಮೇಲೆ ಕುಳಿತಿತ್ತು.

ದೋಣಿಯವನು ತಲೆಯಾಡಿಸಿದ. ಬಂದಿದ್ದರು, ಆದರೆ ದಾಟಲಿಲ್ಲ, ಊರು ಎಲ್ಲಿ ಎಂದು ಕೇಳಿ ಮರಳಿನ ದಾರಿ ಹಿಡಿದರು ಎಂದು ಬಲಕ್ಕೆ ಕೈ ತೋರಿಸಿದ. ಆ ಕಡೆ ಮೀನುಗಾರರ ಕೇರಿ. ನಾನಿನ್ನೂ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಹೋಗಿ ನೋಡಿದರೆ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಮನೆಗಳು. ನಡುವೆ ಇಕ್ಕಟ್ಟಿನ ಓಣಿ. ಬಾಗಿಲು ಬಾಗಿಲಿಗೂ ಹೆಂಗಸರು. ಅವರ ನಡುವೆ ಅವ್ವ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ಹರಿದ ಬಲೆ ಹರಡಿಕೊಂಡು, ಅಜ್ಜ ಕಲಿಸಿದ ಗಂಟು ಹಾಕುತ್ತಿದ್ದಳು. ಸುತ್ತ ಕುಳಿತವರ ಕೈಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ. ಅವರ ಮಾತು ಇವಳಿಗೆ, ಇವಳ ಮಾತು ಅವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ನಾನು ಅಲ್ಲೇ ಮರಳಿನ ಮೇಲೆ ಕುಳಿತು ಅತ್ತುಬಿಟ್ಟೆ.

ಅವ್ವನಿಗೆ ಅಚ್ಚರಿ. "ಅಳ್ಲಿಕ್ಕ ಏನಾಗ್ಯಾದ? ಊರು ಇಲ್ಲಿ ಅದ ನೋಡು. ಕಚೇರಿಯಾಗ ಕುಂದ್ರತಿ, ನಿನಗೂ ಗೊತ್ತಿಲ್ಲ."

ಒಬ್ಬಾಕೆ ನನ್ನ ಕೈಗೂ ರೊಟ್ಟಿ ಕೊಟ್ಟಳು. ನಮ್ಮ ಮನೆಯ ರೊಟ್ಟಿಯನ್ನೇ ನಾನು ಅತಿಥಿಯ ಹಾಗೆ ತಿಂದೆ. ಅಷ್ಟು ರುಚಿಯಾದ ಭಜ್ಜಿಯನ್ನು ಆಡಕಿಯ ಹೊಲದಲ್ಲೂ ಉಂಡ ನೆನಪಿಲ್ಲ.

ಸಂಜೆ ಬಿಸಿಲಲ್ಲಿ ಹಿಂದಿರುಗುವಾಗ ಅವ್ವ ದಾರಿಯುದ್ದಕ್ಕೂ ಮಾತಾಡಿದಳು. ಯಾರ ಸೊಸೆ ಬಸುರಿ, ಯಾರ ಗಂಡ ಕುಡಿಯುತ್ತಾನೆ, ಎಲ್ಲ ಒಂದೇ ದಿನದಲ್ಲಿ ಗೊತ್ತು ಮಾಡಿಕೊಂಡಿದ್ದಳು. ಭಾಷೆ ಬಾರದೆ ಹೇಗೆ ಎಂದು ನಾನು ಕೇಳಲಿಲ್ಲ. ನನಗೆ ಕೇಳಬೇಕಾದದ್ದು ಬೇರೆಯೇ ಇತ್ತು. ಮನೆ ಹತ್ತಿರ ಬಂದಾಗ ಧೈರ್ಯ ಮಾಡಿ ವಾಡಿಗೆ ಟಿಕೆಟ್ಟು ಯಾವತ್ತಿಗೆ ತೆಗೆಸಲಿ ಎಂದೆ.

ಅವ್ವ ಸೆರಗಿನಿಂದ ಬೀಗದ ಕೈ ಬಿಚ್ಚುತ್ತಿದ್ದಳು. ಆಗ ನೋಡಿದೆ, ಅವಳ ಕೈಯಲ್ಲೂ ತಲೆಯ ಮೇಲೂ ಏನೂ ಇರಲಿಲ್ಲ. ಡಬರಿ ಎಲ್ಲಿ ಎಂದು ಕೇಳಿದೆ.

"ಅಲ್ಲೇ ಬಿಟ್ಟು ಬಂದೀನಿ."

ಮರೆತಿದ್ದಾಳೆಂದುಕೊಂಡು ನಾಳೆ ಕಚೇರಿಗೆ ಹೋಗುವಾಗ ನಾನೇ ತರುತ್ತೇನೆ ಎಂದೆ. ಅವ್ವನಿಗೆ ಸಿಟ್ಟು ಬಂತು. ಎಷ್ಟೋ ದಿನಗಳ ಮೇಲೆ ಬಂದ ಸಿಟ್ಟು.

"ನೀ ತರಬ್ಯಾಡ. ಅವರೇ ತರ್ತಾರ. ಬರೇ ಡಬರಿ ಯಾರಾದ್ರೂ ಕೊಡ್ತಾರೇನು?"

ಬೈಸಿಕೊಂಡು ಒಳಗೆ ಹೋಗಿ ದೀಪ ಹಾಕಿದೆ. ಟಿಕೆಟ್ಟಿನ ಮಾತನ್ನು ಮತ್ತೆ ಎತ್ತಲಿಲ್ಲ.