ಅಪ್ಪಣೆ ಮೇಷ್ಟ್ರು
ಆಯಾ ಕೆಲಸದ ಹೆಂಗಸು ಮೊದಲ ದಿನ ಇಂಗ್ಲಿಷ್ ಕ್ಲಾಸಿಗೆ ಬಂದಾಗ ಮೇಷ್ಟ್ರು ಮೇಜಿನ ಮೇಲೆ ನಿಂತಿದ್ದರು. ಕಲಿಯಲು ಬಂದವರಿಗೆ ಅವರನ್ನು ಹತ್ತಿಸುವಷ್ಟು ಇಂಗ್ಲಿಷ್ ಬಂದಿತ್ತು, ಇಳಿಸುವಷ್ಟು ಬಂದಿರಲಿಲ್ಲ. ಅಪ್ಪಣೆ ಮಾಡುವ ಮಾತನ್ನು ಅವರು ಕಲಿಸುತ್ತಿದ್ದುದೇ ಹಾಗೆ, ಕಲಿಯುವವರು ಹೇಳಿದ್ದನ್ನೆಲ್ಲ ತಾವೇ ಮಾಡಿ ತೋರಿಸಿ. ‘ಓಪನ್ ದ ವಿಂಡೋ’ ಎಂದರೆ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆಯುವರು. ಒಮ್ಮೆ ಕಲಿಯಲು ಬರುತ್ತಿದ್ದ ದರ್ಜಿಯೊಬ್ಬ ‘ಸಿಂಗ್’ ಎಂದುಬಿಟ್ಟ; ಅವರು ಹಾಡಿದ ಚೆಂದಕ್ಕೆ ಅಂದು ಇಡೀ ಕ್ಲಾಸಿಗೆ ‘ಸ್ಟಾಪ್’ ಬಾಯಿಪಾಠವಾಯಿತು. ಇಷ್ಟು ಓದಿದವರೊಬ್ಬರು ಇನ್ನೊಬ್ಬರ ಮಾತನ್ನು ಹೀಗೆ ಕೇಳುವುದನ್ನು ಆಯಾ ಎಲ್ಲೂ ಕಂಡಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆಗೆ ಸಿಕ್ಕಿದ್ದ ಕೆಲಸವೆಂದರೆ ಇಂಗ್ಲಿಷ್ ಬಿಟ್ಟು ಬೇರೇನೂ ತಿಳಿಯದ, ಹಾಸಿಗೆ ಹಿಡಿದ ಒಬ್ಬ ಮುದುಕಿಯ ಆರೈಕೆ. ಆ ಮಾತು ಬಾರದಿದ್ದರೆ ಬೇರೆಯವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆಂದು ಮನೆಯವರು ಹೇಳಿದ್ದರು. ಆದರೆ ಯಾರಿಗೂ ಅಪ್ಪಣೆ ಮಾಡಿ ಗೊತ್ತಿಲ್ಲದ ಆಕೆಯ ಮಾತು ಬೇಡಿಕೊಂಡಂತೆ ಮೆಲ್ಲಗೆ ಹೊರಡುತ್ತಿತ್ತು. “ಬೇಡ್ಕೊಂಡ್ರೆ ದೇವರು ಬರ್ತಾನೆ ಅಮ್ಮ, ನಾನು ಬರಲ್ಲ. ಗಟ್ಟಿಯಾಗಿ ಹೇಳಿ!” ಎಂದು ಮೇಷ್ಟ್ರು ಬೆಂಚಿನ ಮೇಲೆ ರೋಗಿಯಂತೆ ಮಲಗಿಬಿಟ್ಟರು. ‘ಟರ್ನ್’ ಎಂದಳು, ಹೊರಳಿದರು. ‘ಲಿಫ್ಟ್ ಯುವರ್ ಲೆಗ್’ ಎಂದಳು, ನರಳುತ್ತ ಎತ್ತಿದರು. ‘ಓಪನ್ ಯುವರ್ ಮೌತ್’ ಎಂದಾಗ ಆ ನರೆತ ತಲೆಯ ಮನುಷ್ಯ ಹಸಿದ ಕೂಸಿನಂತೆ ಬಾಯಿ ತೆರೆದರು. ಯಾರಿಗೂ ನಗು ಬರಲಿಲ್ಲ. ಆಕೆಯ ಕೆಲಸ ಉಳಿಯಿತು. ಕೊನೆಯ ಪಾಠದ ದಿನ, ಮನೆಯಲ್ಲಿ ತಮ್ಮವರೆಂದು ಯಾರೂ ಇಲ್ಲದ ಮೇಷ್ಟ್ರು ಬಾಗಿಲತನಕ ಬಂದು ಮೆಲ್ಲಗೆ ಕೇಳಿದರು: “ನಾಳೆ ನಾನೂ ಹಾಸಿಗೆ ಹಿಡಿದ್ರೆ ಬಂದು ಹೀಗೇ ಗದರಿಸ್ತೀರಾ, ಅಮ್ಮ? ನಮ್ಮ ಮಾತಲ್ಲೇ ಸಾಕು.”