ನಡುನೀರಿನ ಪ್ರಿಂಟರ್

ಶರಾವತಿ ಹಿನ್ನೀರಿನ ನಟ್ಟನಡುವೆ ಖಾದರ್ ಸಾಬರು ಲಾಂಚಿನ ಇಂಜಿನ್ ಆರಿಸಿದರೆಂದರೆ ಯಾರದೋ ಕಾಗದ ಪ್ರಿಂಟಾಗುತ್ತಿದೆ ಎಂದೇ ಅರ್ಥ. ಇಂಜಿನ್ ನಡುಗಿದರೆ ಅಕ್ಷರವೂ ನಡುಗುತ್ತದೆಂದು ಅವರ ನಂಬಿಕೆ. ಬೆಳಗಿನ ಮಂಜಿನಲ್ಲಿ ಲಾಂಚು ತನ್ನಷ್ಟಕ್ಕೆ ತೇಲುತ್ತಿತ್ತು. ಎಲೆಯಡಿಕೆ ಮೆಲ್ಲುವವರೂ ಬಾಯಿ ನಿಲ್ಲಿಸಿ ಹಾಳೆ ಹೊರಬರುವುದನ್ನೇ ನೋಡುತ್ತಿದ್ದರು. ಆ ಎರಡು ನಿಮಿಷ ನಾವು ಯಾವ ದಡದವರೂ ಅಲ್ಲ ಅನ್ನಿಸುತ್ತಿತ್ತು.

ಸಿದ್ದಾಪುರದ ನನ್ನ ಪ್ರಿಂಟರ್ ರಿಪೇರಿ ಅಂಗಡಿಗೆ ಅವರು ಬಂದದ್ದು ಸವಿತಾಳಿಗಾಗಿ. ಆಚೆ ದಡದ ಹುಡುಗಿ. ಹಿಂದಿನ ವರ್ಷ ನರ್ಸಿಂಗ್ ಪರೀಕ್ಷೆಗೆ ಹೊರಟವಳು, ಪೇಟೆಯಲ್ಲಿ ಕರೆಂಟಿಲ್ಲದೆ ಹಾಲ್ ಟಿಕೆಟ್ ಪ್ರಿಂಟ್ ಸಿಗದೆ, ಅಳುತ್ತ ಇವರ ಲಾಂಚಿನಲ್ಲೇ ವಾಪಸಾಗಿದ್ದಳು.

"ಒಂದು ಹಾಳೆ, ಹೆಗಡೇರೆ. ಒಂದು ಹಾಳೆಗೆ ಒಂದು ವರ್ಷ ಹೋಯ್ತು. ಈ ಸಲ ನನ್ನ ಲಾಂಚಲ್ಲೇ ಆಗ್ಬೇಕು."

ಲೇಸರ್ ಪ್ರಿಂಟರ್ ತೋರಿಸಿದೆ. "ಇದು ಬಿಸಿಯಾಗೂಕೆ ಎಷ್ಟು ಕರೆಂಟ್ ತಿಂತದೆ?" ಎಂದರು. ಪುಟ್ಟ ಇನ್ವರ್ಟರಿಗೆ ಕೊಟ್ಟು ನೋಡಿದರೆ, ಹಾಳೆ ಎಳೆಯುವ ಮೊದಲೇ ಅದು ಕುಯ್ಯೆಂದು ಕೈಚೆಲ್ಲಿತು. ಕೊನೆಗೆ ಕರೆಂಟು ಕಮ್ಮಿ ಸಾಕಾಗುವ, ಇಂಕು ಹಾಕುವ ಚಿಕ್ಕದೊಂದನ್ನು ಅವರೇ ಆರಿಸಿದರು. ಲಾಂಚಿನಲ್ಲಿ ಗೋಣಿಚೀಲ ಮಡಚಿ ಅದರ ಮೇಲೆ ಕೂರಿಸಿ, "ನೆಟ್ಟಗೆ ಕೂತ್ಕ ಮಾರಾಯ" ಎಂದು ಅದಕ್ಕೇ ಬುದ್ಧಿ ಹೇಳಿದರು.

ವೈರಿಂಗ್ ನನ್ನದು. ಪ್ರಿಂಟರಿಗೆಂದೇ ಬೇರೆ ಬ್ಯಾಟರಿ ಇಡಬೇಕಿತ್ತು. ಉದಾಸೀನದಿಂದ ಇಂಜಿನ್ ಚಾಲೂ ಮಾಡುವ ಬ್ಯಾಟರಿಗೇ ಸಿಕ್ಕಿಸಿ, "ಸಾಕಾಗ್ತದೆ ಸಾಬ್ರೆ" ಅಂದುಬಿಟ್ಟೆ. ಸೋಮಾರಿತನ, ಮತ್ತೇನಿಲ್ಲ.

ಸವಿತಾಳ ಹಾಲ್ ಟಿಕೆಟ್ ಮೊಬೈಲಿಗೆ ಬಂದದ್ದೇ ಪರೀಕ್ಷೆಯ ಹಿಂದಿನ ಸಂಜೆ. ಬೆಳಿಗ್ಗೆ ನಾನೂ ಲಾಂಚಿನಲ್ಲಿದ್ದೆ. ಅವಳದು ಪ್ರಿಂಟಾಗಿ ಬಂದ ಮೇಲೆ ಒಬ್ಬರು ಪಹಣಿ ಕೇಳಿದರು, ಇನ್ನೊಬ್ಬರು ಆಧಾರ್, ಮತ್ತೊಬ್ಬರು ಮಗಳ ಫೋಟೋ. ಇಲ್ಲ ಅನ್ನುವುದು ಸಾಬರಿಗೆ ಬರುತ್ತಿರಲಿಲ್ಲ. ಆಮೇಲೆ ಚಾವಿ ತಿರುಗಿಸಿದರೆ ಇಂಜಿನ್ ಟಕ್ ಎಂದಿತು, ಅಷ್ಟೆ. ಬ್ಯಾಟರಿ ಖಾಲಿ. ದೂರದ ದಡದಲ್ಲಿ ಬಸ್ಸು ನಿಂತಿತ್ತು. ಸವಿತಾ ಹಾಳೆಯನ್ನು ಎದೆಗೊತ್ತಿಕೊಂಡು ಬಸ್ಸನ್ನೇ ನೋಡುತ್ತಿದ್ದಳು.

"ನಂದೇ ತಪ್ಪು. ಇಂಜಿನ್ ಆರಿಸ್ಬಾರ್ದಾಗಿತ್ತು," ಎಂದರು ಸಾಬರು ಎಲ್ಲರಿಗೂ ಕೇಳುವಂತೆ. ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ಕೂರುವ ಹಲಗೆ ಕಿತ್ತು ಎಲ್ಲರೂ ಹುಟ್ಟು ಹಾಕಿದೆವು. ಮಂಜು ಕರಗುತ್ತ ಬಂತು. ಪುಣ್ಯಕ್ಕೆ ಬಸ್ಸಿನವನು ಕಾದಿದ್ದ. ಸಾಬರು ಮಾತ್ರ ದಿನವಿಡೀ ದಡ ಬಿಟ್ಟು ಏಳಲಿಲ್ಲ. ಸಂಜೆ ಅವಳು ಬಸ್ಸಿಳಿದು "ಬರ್ದೆ ಸಾಬ್ರೆ" ಎಂದ ಮೇಲೆಯೇ ಟವೆಲಿನಿಂದ ಮುಖ ಒರೆಸಿಕೊಂಡು ಚಹಾ ಕುಡಿದರು.

ತಪ್ಪೊಪ್ಪಿಕೊಳ್ಳುವುದು ಇವತ್ತು ನಾಳೆ ಎಂದು ಮುಂದೆ ಹೋಯಿತು. ಮಳೆಗಾಲ ಕಳೆದ ಮೇಲೆ ನಾನು ಹೋದಾಗ ಲಾಂಚಿನಲ್ಲಿ ಅವರ ತಮ್ಮನಿದ್ದ. ಸಾಬರು ತೀರಿಕೊಂಡು ತಿಂಗಳಾಗಿತ್ತು. ನನಗೆ ತಡೆಯಲಾಗಲಿಲ್ಲ, ಅಲ್ಲೇ ಕೂತು ಎಲ್ಲ ಹೇಳಿಬಿಟ್ಟೆ.

"ಅಣ್ಣಂಗೆ ಅವತ್ತೇ ಗೊತ್ತಾಗಿತ್ತು, ಹೆಗಡೇರೆ," ಎಂದ ಅವನು. "ವೈರ್ ನೋಡ್ಕಂಡು ಬಂದು, 'ಅವ್ರ ಹೆಸ್ರು ಎಲ್ಲೂ ಎತ್ಬೇಡ, ಪೇಟೇಲಿ ಅಂಗ್ಡಿ ಇಟ್ಕಂಡವ್ರು' ಅಂದಿದ್ದ."