ಒಂಬತ್ತು ದಿನ ತೆರೆದಿದ್ದ ಮೈಕು

ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಅದರ ಪಾಡಿಗೆ ಬಿಡುವುದು ನನ್ನಿಂದ ಆಗದ ಕೆಲಸ. ಮಿಕ್ಸರ್ ಕರಕರ ಎಂದರೆ ಎಲ್ಲರೂ ಬಿಚ್ಚಿ ನೋಡುತ್ತಾರೆ. ನಾನು ಅದು ಸದ್ದಿಲ್ಲದೆ ತಿರುಗಿದರೂ ಬಿಚ್ಚುತ್ತೇನೆ; ಯಾಕೆ ಸದ್ದು ಮಾಡುತ್ತಿಲ್ಲ ಎಂದು ತಿಳಿಯಬೇಡವೇ? ಸೊಲ್ಲಾಪುರದ ನೀರಿನ ಪಂಪ್‌ಹೌಸಿನಲ್ಲಿ ನಾನು ಎಲೆಕ್ಟ್ರಿಷಿಯನ್. ಅಲ್ಲಿ ಮೋಟಾರಿನ ಒಂದು ತಿರುಪು ಮುಟ್ಟಬೇಕಾದರೂ ಸಾಹೇಬರ ಸಹಿ ಬೇಕು. ಮನೆಯಲ್ಲಿ ಯಾರ ಸಹಿಯೂ ಬೇಡ. ತೊಂದರೆ ಶುರುವಾಗುವುದೇ ಅಲ್ಲಿಂದ.

ನನ್ನ ಮನೆಯಲ್ಲಿ ಒಂದು ರೇಡಿಯೋ ಇದೆ. ಕೇಳುವುದಕ್ಕಷ್ಟೇ ಅಲ್ಲ, ಮಾತಾಡುವುದಕ್ಕೂ ಬರುವಂಥದ್ದು. ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದು ನಾನೇ ಬೆಸುಗೆ ಹಾಕಿ ಕಟ್ಟಿದ್ದು. ಜನ ಇದನ್ನು ಹವ್ಯಾಸ ಎನ್ನುತ್ತಾರೆ. ನನಗೆ ಮಾತ್ರ ಅದರ ಗರಜು ಬೇರೆ. ನಾನು ಗಡಿಯ ತಡವಳ ಎಂಬ ಹಳ್ಳಿಯವನು, ಕನ್ನಡ ಸಾಲಿಯಲ್ಲಿ ಓದಿದವನು. ಪಂಪ್‌ಹೌಸಿನಲ್ಲಿ ಮರಾಠಿ, ಓಣಿಯಲ್ಲಿ ಮರಾಠಿ, ಹಾಲಿನವನ ಜೊತೆ ಮರಾಠಿ. ಮನೆಯೊಳಗೆ ನನ್ನ ಕನ್ನಡಕ್ಕೆ ಉತ್ತರ ಕೊಡುತ್ತಿದ್ದವಳು ಹೆಂಡತಿ ರತ್ನಾ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಕೆಲವು ತಿಂಗಳು ನನ್ನ ಬಾಯಿಂದ ಕನ್ನಡದ ಒಂದು ಪೂರ್ತಿ ವಾಕ್ಯ ಹೊರಬಿದ್ದದ್ದು ನೆನಪಿಲ್ಲ. ರೇಡಿಯೋ ಕಟ್ಟಿದ್ದು ಆಗ.

ಅದರಲ್ಲಿ ಸಿಕ್ಕವರು ಅಕ್ಕಲಕೋಟೆಯ ಸುಶೀಲಾ ಅಕ್ಕ, ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರಬಾಯಿ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಮಾತು. ಹವಾಮಾನ, ಆಂಟೆನಾ, ಅವರ ಮೊಣಕಾಲು. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ಮುಖ ನೋಡಿರಲಿಲ್ಲ. ಫೋನ್ ನಂಬರನ್ನೂ ಕೊಟ್ಟುಕೊಂಡಿರಲಿಲ್ಲ. ಹಾಗೆ ಮಾಡಿದರೆ ರೇಡಿಯೋದ ಮರ್ಯಾದೆ ಏನಾಗಬೇಕು ಎಂಬುದು ನಮ್ಮಿಬ್ಬರ ಹಟ. ಮೊದಲ ಸಲ ಮಾತಾಡಿದ ಗುರುತಿಗೆ ಹವ್ಯಾಸಿಗಳು ಅಂಚೆ ಕಾರ್ಡು ಕಳಿಸುವ ರೂಢಿ ಇದೆ. ನಾನೂ ವಿಳಾಸ ಬರೆದು ಒಂದು ಕಳಿಸಿದ್ದೆ, ಅಷ್ಟೇ. "ಮನ್ಯಾಗ ಎಲ್ಲಾ ಆರಾಮೇನು?" ಎಂದು ಅವರು ದಿನಾ ಕೇಳುವರು. "ಆರಾಮ್ರಿ" ಎಂದು ನಾನು ದಿನಾ ಹೇಳುವೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದನ್ನು ನಾನು ಬಿಟ್ಟೇನೇ? ಈ ಬೇಸಿಗೆಯಲ್ಲಿ ಸೆಟ್ಟಿಗೆ ಇನ್ನಷ್ಟು ಶಕ್ತಿ ತುಂಬುವ ಹುಕಿ ಬಂತು. ಹೊಸ ಆಂಪ್ಲಿಫೈಯರ್ ಕೂಡಿಸಿ, ಅದಕ್ಕೆ ತಕ್ಕ ದೊಡ್ಡ ರಿಲೇ ಹಾಕಿದೆ. ಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗಬೇಕು, ಬಿಟ್ಟರೆ ಅವರ ಮಾತು ಬರಬೇಕು. ಈ ಅದಲುಬದಲು ಮಾಡುವ ಪುಟ್ಟ ಡಬ್ಬಿಯೇ ರಿಲೇ. ಗುಂಡಿ ಒತ್ತಿದೆ, ಕೆಂಪು ದೀಪ ಹತ್ತಿತು. ಬಿಟ್ಟೆ, ದೀಪ ಆರಿತು. ಆದರೆ ಸ್ಪೀಕರಿನಿಂದ ಉಸಿರಿಲ್ಲ.

ಕೇಳುವ ಭಾಗ ಸತ್ತಿದೆ ಎಂದು ತೀರ್ಮಾನಿಸಿದೆ. ಒಂಬತ್ತು ದಿನ, ಕೆಲಸಕ್ಕೆ ಹೋಗುವ ಮುಂಚೆ ಮತ್ತು ಬಂದ ಮೇಲೆ, ಆ ಭಾಗವನ್ನು ಕೆದಕಿದೆ. ತಪ್ಪೇ ಇಲ್ಲದ ಎಷ್ಟೋ ಬಿಡಿಭಾಗಗಳನ್ನು ಕಿತ್ತು ಬೇರೆ ಹಾಕಿದೆ. ಆಂಪ್ಲಿಫೈಯರ್ ಕೈ ಸುಡುವಷ್ಟು ಬಿಸಿಯಾಗಿರುತ್ತಿತ್ತು. ಸೊಲ್ಲಾಪುರದ ಮೇ ತಿಂಗಳಲ್ಲಿ ಯಾವುದು ಬಿಸಿಯಾಗಿರುವುದಿಲ್ಲ ಎಂದುಕೊಂಡೆ. ಅಕ್ಕನ ದನಿಯೂ ನಿಂತುಹೋದ ಮೇಲೆ ಮನೆ ಎಷ್ಟು ಖಾಲಿ ಎನಿಸಿತೆಂದರೆ, ಒಂದು ಹೊಸ ಚಟ ಹತ್ತಿಕೊಂಡಿತು. ಕೆಲಸ ಮಾಡುತ್ತ ರತ್ನಾಳೊಡನೆ ಮಾತಾಡತೊಡಗಿದೆ. "ರತ್ನಾ, ಇವತ್ತೂ ಸಾರಿಗೆ ಉಪ್ಪ ಜಾಸ್ತಿ ಆತು ನೋಡು." "ಅಕ್ಕಾರ ದನಿ ಕೇಳಿ ಎಷ್ಟ ದಿನ ಆತು ರತ್ನಾ. ಒಂದ ದಿನ ಎಡಗಾಲ ನೋವು, ಒಂದ ದಿನ ಬಲಗಾಲ. ಅದನ್ನ ಕೇಳಲಿಲ್ಲಂದ್ರ ಮುಂಜಾನಿ ಆದಂಗ ಆಗೂದಿಲ್ಲ." ಒಂದು ಸಂಜೆಯಂತೂ, "ಒಂದ ಮಾತರ ಆಡವಲ್ಲಿ ನೀ" ಎಂದು ಸಿಟ್ಟಿನಿಂದ ಕೂಗಿದೆ. ಕೂಗಿದ ಮೇಲೆ ಬೆಸುಗೆಯ ಕಡ್ಡಿ ಆರಿಸಿ ಸೆಟ್ಟಿನ ಮುಂದಿನಿಂದ ಎದ್ದೆ.

ಹತ್ತನೆಯ ದಿನ ಭಾನುವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು. ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ನನ್ನ ಹಳೆಯ ಅಂಚೆ ಕಾರ್ಡು.

"ಇವತ್ತ ಎರಡೂ ಕಾಲ ನೋಯಾಕತ್ತಾವು ತಮ್ಮಾ," ಎಂದರು. "ಬರಕೋ."

ದನಿಯಿಂದ ಗುರುತು ಹತ್ತಿತು. ನಾನು ರತ್ನಾಳಿಗೆ ಆಡಿದ ಮೊಣಕಾಲಿನ ಮಾತು ಇವರಿಗೆ ಹೇಗೆ ಗೊತ್ತಾಯಿತೆಂದು ತಿಳಿಯದೆ ತಬ್ಬಿಬ್ಬಾಗಿ, "ಬರ್ರಿ ಅಕ್ಕಾ, ಕೂಡ್ರಿ" ಎಂದೆ.

"ಒಂಬತ್ತ ದಿನದಿಂದ ನಿನ್ನ ಸೆಟ್ ಬಂದ್ ಆಗೇ ಇಲ್ಲ. ಮೈಕ್ ಚಾಲೂ ಅದ. ಕುಕ್ಕರಿನ ಸೀಟಿ ಸೈತ ಕೇಳೀನಿ. ನಾ ಕೂಗಿ ಕೂಗಿ ಸಾಕಾದೆ, ನಿನಗ ಕೇಳವಲ್ದು." ಡಬ್ಬಿಯನ್ನು ಮುಂದೆ ಚಾಚಿದರು. "ಶೇಂಗಾ ಹೋಳಿಗಿ. ರತ್ನಾನ್ನ ಕರಿ. ಅಷ್ಟ ಮಾತಾಡಿಸ್ತಿ, ಆಕಿ ಒಂದ ಮಾತ ಆಡಂಗಿಲ್ಲ. ಜಗಳ ಆಗೇದೋ, ಆಕಿಗಿ ಆರಾಮಿಲ್ಲೋ, ಅಂತ ಜೀವ ತಡೀಲಿಲ್ಲ. ಬಂದೆ."

ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಕೊಡಬೇಕೋ ಕೆಳಗಿಡಬೇಕೋ ತಿಳಿಯಲಿಲ್ಲ.

"ರತ್ನಾ ಇಲ್ರಿ ಅಕ್ಕಾ."

"ಎಲ್ಲಿ ಹೋಗ್ಯಾಳ?"

"ಹೋಗಿ ನಾಕ ವರ್ಷ ಆತ್ರಿ."

ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಮೂರ ವರ್ಷ ದಿನಾ ಕೇಳೀನಿ, ಮನ್ಯಾಗ ಎಲ್ಲಾ ಆರಾಮೇನು ಅಂತ" ಎಂದರು. ಬೈಗುಳದಂತಿತ್ತು, ಆದರೆ ಕಣ್ಣು ಬೇರೆಯೇ ಹೇಳುತ್ತಿದ್ದವು.

"ಸುಳ್ಳ ಹೇಳಿಲ್ರಿ. ಆಕಿ ಆರಾಮ ಅದಾಳ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ತಂಬಿಗೆ ತೆಗೆದುಕೊಂಡು ನೀರು ಕುಡಿದರು. "ಸೆಟ್ ತೋರಸು."

ಮೇಷ್ಟ್ರುಗಳಿಗೆ ದುಃಖದಲ್ಲೂ ಕ್ರಮ ತಪ್ಪುವುದಿಲ್ಲ. ಮೊದಲು ಮೇಲಿನ ಫ್ಯಾನ್ ಆರಿಸಿದರು. ಸೆಟ್ಟಿಗೆ ಕರೆಂಟ್ ಕೊಟ್ಟ ಕೂಡಲೇ ಟಕ್ ಎಂದಿತು. "ಗುಂಡಿ ಒತ್ತಿದಿಯೇನು?" ಇಲ್ಲವೆಂದೆ. "ಮತ್ತ ರಿಲೇ ಯಾಕ ಹಿಡೀತು?" ಆ ಟಕ್ ನನಗೆ ಒಂಬತ್ತು ದಿನ ಫ್ಯಾನಿನ ಗದ್ದಲದಲ್ಲಿ ಕೇಳಿರಲಿಲ್ಲ. ನಾನು ನಂಬಿದ್ದ ಕೆಂಪು ದೀಪಕ್ಕೆ ತಂತಿ ಎಳೆದದ್ದು ಗುಂಡಿಯಿಂದ, ರಿಲೇಯಿಂದಲ್ಲ. ಗುಂಡಿ ಬಿಟ್ಟರೆ ಅದು ಆರುತ್ತಿತ್ತು. ಸೆಟ್ಟು ಮಾತ್ರ ಕೇಳುವ ಕಡೆಗೆ ಹೊರಳದೆ ನನ್ನ ಮಾತನ್ನು ಊರಿಗೆಲ್ಲ ಹಂಚುತ್ತಲೇ ಇತ್ತು.

"ಸುರುಳಿಗೆ ಡಯೋಡ್ ಎಲ್ಲಿ ಅದ?"

ಇರಲಿಲ್ಲ. ರಿಲೇಯೊಳಗಿನ ತಂತಿಯ ಸುರುಳಿ, ಕರೆಂಟ್ ತಪ್ಪಿಸಿದ ಕ್ಷಣ ಹಿಂದಕ್ಕೆ ಒಮ್ಮೆ ಒದೆಯುತ್ತದೆ. ಆ ಒದೆತವನ್ನು ಕುಡಿಯಲು ಅದರ ಪಕ್ಕದಲ್ಲೊಂದು ಡಯೋಡ್ ಇರಬೇಕು. ಹೊಸ ರಿಲೇ ಹಾಕುವ ಉಮೇದಿನಲ್ಲಿ ಮರೆತಿದ್ದೆ. ಮೊದಲ ಒದೆತಕ್ಕೇ ಅದನ್ನು ನಡೆಸುವ ಟ್ರಾನ್ಸಿಸ್ಟರ್ ಸುಟ್ಟು, ರಿಲೇ ಸದಾ ಹಿಡಿದೇ ಇರುವಂತಾಗಿತ್ತು. ಕಾಳಿನಷ್ಟು ಪುಟ್ಟ ಒಂದು ಡಯೋಡ್ ಮರೆತದ್ದಕ್ಕೆ! ಹೊಸ ಟ್ರಾನ್ಸಿಸ್ಟರ್, ಡಯೋಡ್ ಎರಡನ್ನೂ ಹಾಕಿ ಬೆಸೆದೆ. ಅಕ್ಕ ಟಾರ್ಚ್ ಹಿಡಿದರು. ಗುಂಡಿ ಒತ್ತಿ ಬಿಟ್ಟೆ, ಸ್ಪೀಕರಿನಿಂದ ಆಕಾಶದ ಸರಸರ ಸದ್ದು ಹೊರಬಂತು. ಅಷ್ಟು ಚಂದದ ಗದ್ದಲವನ್ನು ನಾನು ಕೇಳಿರಲಿಲ್ಲ.

ಹೋಳಿಗೆ ತಿನ್ನುತ್ತ ಅವರು ರತ್ನಾಳ ಬಗ್ಗೆ ಕೇಳಿದರು: ಯಾವ ಊರು, ಏನು ಅಡಿಗೆ ಚೆನ್ನಾಗಿ ಮಾಡುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು. ಮರವಡೆ ಎಂಬ ಊರಿನವಳು ಎಂದೆ. ಮರಾಠಿ ಕನ್ನಡ ಕಲಸಿ ನನ್ನನ್ನು ಬೈಯುತ್ತಿದ್ದಳು ಎಂದೆ. ಹೇಳುತ್ತ ಹೋದೆ. ನಾಲ್ಕು ಗಂಟೆಗೆ ಅಕ್ಕನನ್ನು ಅಕ್ಕಲಕೋಟೆಯ ಬಸ್ಸಿಗೆ ಹತ್ತಿಸಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಅಕ್ಕ ಕರೆದರು, ನಾನು ಉತ್ತರ ಕೊಟ್ಟೆ. ನಡುವೆ ಅಪರಿಚಿತ ಗಂಡಸಿನ ದನಿಯೊಂದು ಅಳುಕುತ್ತ ಅಪ್ಪಣೆ ಕೇಳಿ ಬಂತು. ಗಡಿಯಾಚೆಯ ಇಂಡಿ ಊರಿನ ಕಡೆಯವರಂತೆ.

"ನಾನೂ ಕೇಳಾಕತ್ತಿದ್ದೆ ಬಿಡ್ರಿ ಇಷ್ಟ ದಿನ. ಸಿಟ್ಟಾಗಬ್ಯಾಡ್ರಿ."

ನಾಚಿಕೆಯಿಂದ ಸ್ಪೀಕರಿನ ದನಿ ತಗ್ಗಿಸಿದೆ. ಆಮೇಲೆ ಅವರೇ, "ನಮ್ಮ ಮನಿಯಾಕಿನೂ ಹೋಗಿ ಎರಡ ವರ್ಷ ಆತ್ರಿ" ಎಂದರು.

ಗುಂಡಿ ಒತ್ತಿದೆ. ಒಂದೇ ಮಾತು ಕೇಳಿದೆ:

"ಹೆಸರೇನ್ರಿ ಅವರದು?"

ಕೇಳಿ, ಗುಂಡಿ ಬಿಟ್ಟೆ.